ಅರ್ಲಿ ಪೆನ್ಷನ್: 58ಕ್ಕೆ ಮೊದಲೇ ಪಡೆಯುವ ಪಿಎಫ್ ಪಿಂಚಣಿ

ಹುಬ್ಬಳ್ಳಿಯ ತಾರಿಹಾಳದಲ್ಲೋ ಧಾರವಾಡದ ಬೇಲೂರಿನಲ್ಲೋ ಕಾರ್ಖಾನೆ ಕೆಲಸ ಬಿಟ್ಟವರು ಪಿಎಫ್ ಹಣ ತೆಗೆದ ಮೇಲೆ ಕೇಳುವ ಪ್ರಶ್ನೆ ಒಂದೇ: ‘ಪೆನ್ಷನ್ ಈಗ್ಲೇ ಹಚ್ಚಲೋ, 58 ಆಗೂ ತನಕ ಕಾಯಲೋ?’ ಈಗಲೇ ಹಚ್ಚಿಸಿಕೊಂಡರೆ ಅದು ಅರ್ಲಿ ಪೆನ್ಷನ್.

ಪಿಎಫ್ ಜೊತೆಗೇ ಬರುವ ಪಿಂಚಣಿ ಯೋಜನೆ ಇಪಿಎಸ್-95ರಲ್ಲಿ ಪೂರ್ಣ ಪಿಂಚಣಿಯ ವಯಸ್ಸು 58. ಕನಿಷ್ಠ 10 ವರ್ಷ ಸೇವೆ ಬೇಕು. ಆರು ತಿಂಗಳು ಅಥವಾ ಹೆಚ್ಚಿನ ಬಿಡಿ ಅವಧಿಯನ್ನು ಒಂದು ವರ್ಷವೆಂದೇ ಹಿಡಿಯುತ್ತಾರೆ. 50 ತುಂಬಿ ಕೆಲಸ ಬಿಟ್ಟಿದ್ದರೆ ಮೊದಲೇ ಕೇಳಬಹುದು, ಆದರೆ 58ಕ್ಕೆ ಕಡಿಮೆ ಬೀಳುವ ಪ್ರತಿ ವರ್ಷಕ್ಕೆ 4% ಕಡಿತ. ಈ ಕಡಿತ ಶಾಶ್ವತ, 58 ಆದಮೇಲೆ ಸರಿಹೋಗುವುದಿಲ್ಲ. ತದ್ವಿರುದ್ಧವಾಗಿ, 60ರವರೆಗೆ ಮುಂದೂಡಿದರೆ 59ಕ್ಕೆ 4%, 60ಕ್ಕೆ 8.16% ಹೆಚ್ಚು.

58ಕ್ಕೆ ₹3,000 ಬರುವವರು 57ಕ್ಕೇ ತೆಗೆದುಕೊಂಡರೆ ₹2,880. ಆ ಒಂದು ವರ್ಷದಲ್ಲಿ ಕೈಗೆ ಬರುವುದು ₹34,560; ಆಮೇಲೆ ತಿಂಗಳಿಗೆ ₹120 ಖೋತಾ. ಮೊದಲೇ ಬಂದ ಆ ಹಣಕ್ಕೆ ಈ ಖೋತಾ ಸರಿಸಮ ಆಗಲು 288 ತಿಂಗಳು, ಅಂದರೆ 82ನೇ ವಯಸ್ಸು. ಇಪಿಎಸ್‌ಗೆ ತುಟ್ಟಿಭತ್ಯೆ ಇಲ್ಲ, ಬೆಲೆ ಏರಿದರೂ ಮೊತ್ತ ಅಷ್ಟೇ. ಹಾಗಾಗಿ ಕೆಲಸ ಹೇಗೂ ಮುಗಿದಿದ್ದು, ಮನೆಗೆ ಬೇರೆ ಆದಾಯ ಇಲ್ಲದಿದ್ದರೆ ಒಂದೆರಡು ವರ್ಷ ಮೊದಲೇ ತೆಗೆದುಕೊಳ್ಳುವುದು ಜನ ಹೆದರುವಷ್ಟು ನಷ್ಟವಲ್ಲ.

ನಿಜವಾದ ನಷ್ಟ ಪಿಂಚಣಿಗೋಸ್ಕರ ಕೆಲಸ ಬಿಡುವುದರಲ್ಲಿದೆ. ಪಿಂಚಣಿ ಲೆಕ್ಕ ಹೀಗೆ: ಕೊನೆಯ 60 ತಿಂಗಳ ಸರಾಸರಿ ಸಂಬಳ (ಮಿತಿ ₹15,000) ಗುಣಿಸು ಸೇವಾ ವರ್ಷ, ಭಾಗಿಸು 70. ಮಿತಿಯ ಸಂಬಳದವರಿಗೆ ಒಂದು ವರ್ಷದ ದುಡಿಮೆ ತಿಂಗಳಿಗೆ ಸುಮಾರು ₹214 ಸೇರಿಸುತ್ತದೆ, ಮೇಲಿನ ₹120ಕ್ಕಿಂತ ಹೆಚ್ಚು. 58ಕ್ಕೆ ನಿವೃತ್ತರಾಗುವಾಗ 20 ವರ್ಷ ಸೇವೆ ತುಂಬಿದ್ದರೆ ಸೇವಾ ಲೆಕ್ಕಕ್ಕೆ 2 ವರ್ಷ ಬೋನಸ್ ಬೇರೆ. 2014ರ ಸೆಪ್ಟೆಂಬರ್ 1ಕ್ಕೆ ಮುಂಚಿನ ಸೇವೆಗೆ ಸಂಬಳದ ಮಿತಿ ₹6,500 ಎಂಬುದನ್ನು ಮರೆತವರಿಗೆ ಮಂಜೂರಾದ ಮೊತ್ತ ನೋಡಿ ಬೇಜಾರು.

ಅರ್ಜಿ ಫಾರಂ 10ಡಿ. ಯುಎಎನ್ (ಪಿಎಫ್ ಸದಸ್ಯರ ಖಾಯಂ ಸಂಖ್ಯೆ) ಲಾಗಿನ್‌ನಲ್ಲೇ ಹಾಕಬಹುದು, ಮೊದಲು ಇ-ನಾಮಿನೇಶನ್ (ಆನ್‌ಲೈನ್‌ನಲ್ಲಿ ನಾಮಿನಿ ಹೆಸರು ನಮೂದು) ಆಗಿರಬೇಕು. ಅರ್ಜಿ ಸಿಕ್ಕಿಬೀಳುವುದು ಬಹುತೇಕ ಮೂರು ಕಡೆ: ಮಾಲೀಕರು ಕೆಲಸ ಬಿಟ್ಟ ದಿನಾಂಕ ನಮೂದಿಸಿಲ್ಲ, ಆಧಾರ್‌ನ ಹೆಸರು, ಜನ್ಮದಿನಾಂಕ ಪಿಎಫ್ ದಾಖಲೆಗೆ ತಾಳೆಯಾಗಿಲ್ಲ, ಹಳೆ ಕಂಪನಿಯ ಖಾತೆ ವರ್ಗಾವಣೆ ಆಗಿಲ್ಲ. ಮೂರನೆಯದೇ ದುಬಾರಿ, ಏಕೆಂದರೆ ಆ ವರ್ಷಗಳು ಸೇವೆಗೆ ಸೇರುವುದೇ ಇಲ್ಲ. ಕೆಲಸ ಬದಲಿಸುವಾಗಲೆಲ್ಲ ಫಾರಂ 10ಸಿ ಹಾಕಿ ಪಿಂಚಣಿ ಹಣ ತೆಗೆದವರ ಸೇವೆಯಂತೂ ಅಳಿಸಿಹೋದಂತೆ. ತೆಗೆಯದೆ ಸ್ಕೀಮ್ ಸರ್ಟಿಫಿಕೇಟ್ (ಅಲ್ಲಿವರೆಗಿನ ಸೇವೆಯನ್ನು ದಾಖಲಿಸುವ ಪಿಎಫ್ ಪ್ರಮಾಣಪತ್ರ) ಪಡೆದಿದ್ದರೆ ಉಳಿಯುತ್ತಿತ್ತು.

ಇವನ್ನು 50 ತುಂಬುವ ಮೊದಲೇ ಸರಿಮಾಡಿಸಿ. ಆನ್‌ಲೈನ್‌ನಲ್ಲಿ ಆಗದ ತಿದ್ದುಪಡಿಗೆ ಹುಬ್ಬಳ್ಳಿ ನವನಗರದ ಪಿಎಫ್ ಕಚೇರಿ ಇದೆ. ಕಾರ್ಖಾನೆ ಮುಚ್ಚಿದ ಮೇಲೆ ದಿನಾಂಕ ಹಾಕಲು, ಸಹಿ ಮಾಡಲು ಮಾಲೀಕರು ಸಿಗುವುದು ಕಷ್ಟ.