ಸುತ್ತು ತಲೆಗೆ, ಜೋಲಿ ಮೈಗೆ

'ಅಮ್ಮನಿಗೆ ತಲೆಸುತ್ತು ಡಾಕ್ಟ್ರೇ' ಎಂದು ಮಗ ಶುರು ಮಾಡಿದರು. ಪಕ್ಕದಲ್ಲಿ ಕೂತಿದ್ದ ಅಜ್ಜಿ ತಕ್ಷಣ ತಿದ್ದಿದರು. 'ಸುತ್ತಲ್ಲ ಕಣೋ. ತಲೆ ನೆಟ್ಟಗೇ ಇದೆ. ಜೋಲಿ ಹೊಡೆಯುತ್ತೆ, ಅಷ್ಟೆ.' ಮಗನ ಕೈಲಿದ್ದ ಫೈಲಿನಲ್ಲಿ ಆಗಲೇ ಮೂರು ಚೀಟಿಗಳಿದ್ದವು. ಮೂರರಲ್ಲೂ ಸುತ್ತಿನ ಮಾತ್ರೆ.

ಜೋಲಿ ಅಂದರೆ ಮಗುವನ್ನು ಮಲಗಿಸಲು ಸೀರೆಯಲ್ಲಿ ಕಟ್ಟುವ ತೊಟ್ಟಿಲು. ರಸ್ತೆಯಿಲ್ಲದ ಊರುಗಳಲ್ಲಿ ಬಿದಿರಿಗೆ ಕಂಬಳಿ ಬಿಗಿದು ಕಾಯಿಲೆಯವರನ್ನು ಹೊತ್ತು ತರುವುದೂ ಜೋಲಿಯಲ್ಲೇ. ಜೋಲು, ಜೋತುಬೀಳು, ಜೋಲುಮೋರೆ ಎಲ್ಲದರಲ್ಲೂ ಏನೋ ನೇತಾಡುತ್ತಿರುತ್ತದೆ. ನಿಂತ ಮನುಷ್ಯನೇ ಹಾಗೆ ತೂಗಾಡಿದರೆ ಜೋಲಿ ಹೊಡೆದ ಅನ್ನುತ್ತೇವೆ. ಬಸ್ಸು ಬ್ರೇಕ್ ಹಾಕಿದಾಗ ಕಂಬಿ ಹಿಡಿಯದವನು ಹೊಡೆಯುತ್ತಾನೆ. ಹುಲ್ಲಿನ ಹೊರೆ ಹೊತ್ತು ಗದ್ದೆಯ ಬದುವಿನ ಮೇಲೆ ಬರುವವನೂ ಹೊಡೆಯುತ್ತಾನೆ. ರಾತ್ರಿ ಹತ್ತರ ಮೇಲೆ ಮನೆಗೆ ಬರುವವರ ಜೋಲಿ ನಿಮಗೆ ಗೊತ್ತೇ ಇದೆ. ಮದ್ಯ ಕಿರುಮೆದುಳಿನ ಕೆಲಸ ಕೆಡಿಸುವುದರಿಂದ ಬರುವ ಜೋಲಿ ಅದು. ಕುಡಿಯದೆ ಇರುವವರು ಇದ್ದಕ್ಕಿದ್ದಂತೆ ಹಾಗೆ ನಡೆದರೆ, ಮಾತೂ ತೊದಲಿದರೆ, ನಿಂಬೆಹಣ್ಣಿನ ಪಾನಕ ಕೊಟ್ಟು ಕಾಯಬೇಡಿ. ಸ್ಟ್ರೋಕ್ ಇರಬಹುದು. ತಕ್ಷಣ ಆಸ್ಪತ್ರೆಗೆ ಹೊರಡಿ.

ನಮ್ಮ ಭಾಷೆಯಲ್ಲಿ ಒಂದು ಚಂದ ಇದೆ. ಸುತ್ತು ನಮಗೆ 'ಬರುತ್ತೆ', ಜೋಲಿಯನ್ನು ನಾವು 'ಹೊಡೆಯುತ್ತೇವೆ'. ಮೊದಲನೆಯದು ತಲೆಯ ಸಂಗತಿ, ಎರಡನೆಯದು ಮೈಯದು. ಕಣ್ಣು ಕತ್ತಲೆ ಬಂತು ಅಂದರೆ ಮೂರನೆಯದೇ ಒಂದು. ಕೂತವರು ದಿಢೀರನೆ ಎದ್ದಾಗ ಬಿಪಿ ಇಳಿಯುವವರು ಸಾಮಾನ್ಯವಾಗಿ ಹೇಳುವ ಮಾತು ಅದು. ಉತ್ತರ ಕರ್ನಾಟಕದ ಕಡೆಯವರು 'ಚಕ್ಕರ್ ಬರ್ತದ್ರಿ' ಅಂತಾರೆ. ಅದರೊಳಗೆ ಎಲ್ಲವೂ ಸೇರಿರುತ್ತದೆ, ಬಿಡಿಸಿ ಕೇಳಬೇಕು. ಪದವೊಂದನ್ನೇ ನಂಬಿ ನಾನೂ ಮೋಸ ಹೋಗಿದ್ದೇನೆ. ಹಾಗಾಗಿ ಯಾವಾಗ, ಎಷ್ಟು ಹೊತ್ತು ಅಂತ ಕೇಳಿಯೇ ಮುಂದಕ್ಕೆ ಹೋಗುವುದು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕೋಣೆಯೇ ಗಿರ್ ಅಂತ ತಿರುಗಿ ಒಂದು ನಿಮಿಷದೊಳಗೆ ನಿಂತರೆ, ಹೆಚ್ಚಾಗಿ ಒಳಕಿವಿಯ ಸಣ್ಣ ಹರಳುಗಳು ಜಾಗ ಬಿಟ್ಟಿರುತ್ತವೆ.

ಅಜ್ಜಿಯನ್ನೂ ಕೇಳಿದೆ. 'ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ್ರೆ ಮುಂದಕ್ಕೆ ಹೋಗ್ಬಿಡ್ತೀನಿ. ರಾತ್ರಿ ಕರೆಂಟ್ ಹೋದ್ರೂ ಅಷ್ಟೆ' ಅಂದರು. ಸಕ್ಕರೆ ಕಾಯಿಲೆ ಬಂದು 18 ವರ್ಷವಾಗಿತ್ತು.

ಪಾದ ಜೋಡಿಸಿ ನಿಲ್ಲಿಸಿದೆ. ಕಣ್ಣು ಬಿಟ್ಟಿರುವಾಗ ಗರುಡಗಂಬದ ಹಾಗೆ ನಿಂತರು. ಕಣ್ಣು ಮುಚ್ಚಿ ಅಂದ ಐದಾರು ಸೆಕೆಂಡಿಗೆ ಹಿಂದಕ್ಕೆ ವಾಲಿದರು. ಹಿಡಿದುಕೊಳ್ಳಲು ನಾನು ಹಿಂದೆಯೇ ನಿಂತಿದ್ದೆ. ಇದಕ್ಕೆ ರಾಂಬರ್ಗ್ ಪರೀಕ್ಷೆ ಅಂತ ಹೆಸರು, 19ನೇ ಶತಮಾನದ ಜರ್ಮನ್ ವೈದ್ಯರದು. ನಾವು ನೆಟ್ಟಗೆ ನಿಲ್ಲುವುದು ಕಣ್ಣು, ಒಳಕಿವಿ, ಪಾದ ಮೂರೂ ಮೆದುಳಿಗೆ ಸುದ್ದಿ ಕಳಿಸುವುದರಿಂದ. ಒಂದು ಕೈಕೊಟ್ಟರೆ ಉಳಿದೆರಡು ಹೇಗೋ ಸಂಭಾಳಿಸುತ್ತವೆ. ಸಕ್ಕರೆ ಕಾಯಿಲೆ ಹಳೆಯದಾದರೆ ನರಗಳು ಸೊರಗಬಹುದು; ಅಜ್ಜಿಯ ಪಾದದ ನರಗಳು ಸುದ್ದಿ ಕಳಿಸುವುದನ್ನು ಕಮ್ಮಿ ಮಾಡಿದ್ದವು. 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕನ್ನು ತಟ್ಟಿ ಹೆಬ್ಬೆರಳ ಮೇಲೆ ಇಟ್ಟೆ. 'ತಣ್ಣಗಿದೆ' ಅಂದರು. ಅದುರುವುದು ಗೊತ್ತೇ ಆಗಲಿಲ್ಲ. ಇಷ್ಟು ದಿನ ಕಣ್ಣೇ ಪಾದದ ಕೆಲಸವನ್ನೂ ಮಾಡುತ್ತಿತ್ತು. ಸೋಪು ಹಚ್ಚಿದ ಗಳಿಗೆಯಲ್ಲಿ ಅದಕ್ಕೂ ರಜೆ!

ಇದಕ್ಕೆ ಸುತ್ತಿನ ಮಾತ್ರೆ ಏನು ಮಾಡೀತು? ಮಂಪರು ಬರಿಸಿ ಜೋಲಿಯನ್ನು ಜಾಸ್ತಿಯೇ ಮಾಡಬಹುದು. ಅದನ್ನು ನಿಲ್ಲಿಸಿದೆ. ಸಕ್ಕರೆಯ ಜೊತೆ ಬಿ12 ವಿಟಮಿನ್ ಪರೀಕ್ಷೆಯನ್ನೂ ಬರೆದೆ, ಆ ವಿಟಮಿನ್ ಕಮ್ಮಿಯಾದರೂ ನರಗಳು ಹೀಗೇ ಸೊರಗುತ್ತವೆ. ಬಚ್ಚಲಲ್ಲಿ ಗೋಡೆಗೊಂದು ಹಿಡಿಕೆ, ರಾತ್ರಿ ಸಣ್ಣ ದೀಪ, ಮುಖ ತೊಳೆಯುವಾಗ ಒಂದು ಕೈ ಹಿಡಿಕೆಯ ಮೇಲೆ ಎಂದು ಮಗನಿಗೆ ಹೇಳಿದೆ.

'ನಾನು ಮೊದಲಿಂದ ಹೇಳ್ತಾನೇ ಇದ್ದೆ' ಎಂದು ಅಜ್ಜಿ ಮಗನ ಕಡೆ ನೋಡಿದರು. ಫೈಲಿನಲ್ಲಿ ಕಾಯಿಲೆಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆದೆ. ಪಕ್ಕದಲ್ಲಿ ಕನ್ನಡದಲ್ಲಿ 'ಸುತ್ತಲ್ಲ, ಜೋಲಿ' ಅಂತ ಸೇರಿಸಿದೆ, ಮುಂದೆ ನೋಡುವವರಿಗೆ ಇರಲಿ ಅಂತ.