ಒಂದೇ ಬಾಡಿಯ ಚೈನ್‌ಸಾಗಳಿಗೆ ಬೇರೆ ಬೇರೆ ಪವರ್ ಯಾಕೆ?

ಸ್ಟಿಲ್ ಕಂಪನಿಯ ಎಂಎಸ್ 290, ಎಂಎಸ್ 310, ಎಂಎಸ್ 390 ಮೂರೂ 1127 ಸರಣಿಯ ಚೈನ್‌ಸಾಗಳು. ಸ್ಟಿಕ್ಕರ್ ಮುಚ್ಚಿ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದು ಅಂತ ಹೇಳುವುದು ಕಷ್ಟ. ಹೆಚ್ಚಿನ ಬಿಡಿಭಾಗಗಳೂ ಒಂದೇ. ಆದರೆ ಪವರ್ ನೋಡಿ: 3.0, 3.2, 3.4 ಕಿಲೋವ್ಯಾಟ್. ಈ ವ್ಯತ್ಯಾಸ ಎಲ್ಲಿಂದ ಬಂತು ಅಂತ ನಾವೇ ಲೆಕ್ಕ ಹಾಕಿ ಹಿಡಿಯಬಹುದು. ಬೋರ್, ಸ್ಟ್ರೋಕ್, ಕಿಲೋವ್ಯಾಟ್ ಗೊತ್ತಿದ್ದರೆ ಸಾಕು.

ಬೋರ್ ಅಂದರೆ ಸಿಲಿಂಡರಿನ ಒಳಗಿನ ಅಗಲ. ಸ್ಟ್ರೋಕ್ ಅಂದರೆ ಪಿಸ್ಟನ್ ಮೇಲಿಂದ ಕೆಳಗೆ ಓಡಾಡುವ ದೂರ. ಈ ಮೂರರಲ್ಲೂ ಸ್ಟ್ರೋಕ್ 34 ಮಿಲಿಮೀಟರ್. ಬೋರ್ ಮಾತ್ರ 46, 47, 49. ಬೋರನ್ನು ಬೋರಿನಿಂದಲೇ ಗುಣಿಸಿ, 0.7854ರಿಂದ ಗುಣಿಸಿ, ಮತ್ತೆ ಸ್ಟ್ರೋಕಿನಿಂದ ಗುಣಿಸಿ, ಕೊನೆಗೆ 1000ದಿಂದ ಭಾಗಿಸಿ. ಸಿಲಿಂಡರಿನ ಗಾತ್ರ 56.5, 59.0, 64.1 ಸಿಸಿ ಬರುತ್ತದೆ. ಕಂಪನಿ ಕೊಡುವ ಅಂಕಿಯೂ ಇದೇ.

ಈಗ ಮುಖ್ಯವಾದ ಹೆಜ್ಜೆ. ಪವರನ್ನು ವ್ಯಾಟ್ ಮಾಡಿಕೊಂಡು ಸಿಸಿಯಿಂದ ಭಾಗಿಸಿ. ಎಂಎಸ್ 290ಕ್ಕೆ ಪ್ರತಿ ಸಿಸಿಗೆ 53.1 ವ್ಯಾಟ್, 310ಕ್ಕೆ 54.2, 390ಕ್ಕೆ 53.0. ಹೆಚ್ಚುಕಮ್ಮಿ ಒಂದೇ, ಅಲ್ವಾ? 3.0 ಅಂತ ಬರೆದದ್ದು 2.95 ಇರಬಹುದು, 3.04 ಕೂಡ ಇರಬಹುದು. ಆ ಒಂದು ದಶಮಾಂಶದ ಸಡಿಲಿನಲ್ಲೇ ಈ ಸಣ್ಣ ವ್ಯತ್ಯಾಸ ಮುಗಿದುಹೋಗುತ್ತದೆ. ಅಂದರೆ ಇಲ್ಲಿ ಪವರ್ ಜಾಸ್ತಿಯಾಗಿದ್ದು ಸಿಲಿಂಡರ್ ದೊಡ್ಡದಾಗಿದ್ದಕ್ಕೆ. ಕಂಪನಿಯ ದೃಷ್ಟಿಯಿಂದ ಇದು ಜಾಣತನ. ಹೊರಕವಚದ ಅಚ್ಚು ಮಾಡಿಸುವುದು ದುಬಾರಿ, ಸ್ಟ್ರೋಕ್ ಎಷ್ಟು ಅಂತ ತೀರ್ಮಾನಿಸುವ ಕ್ರ್ಯಾಂಕ್‌ಶಾಫ್ಟ್ ಮಾಡುವುದೂ ದುಬಾರಿ. ಸ್ಟ್ರೋಕ್ ಬದಲಿಸದೆ ಸಿಲಿಂಡರ್ ಮತ್ತು ಪಿಸ್ಟನ್ ಮಾತ್ರ ಬದಲಿಸಿದರೆ ಹೊಸ ಮಾಡೆಲ್ ಸಿಗುತ್ತದೆ.

ಇಷ್ಟಕ್ಕೇ ನಿಂತರೆ 'ಸಿಸಿ ಜಾಸ್ತಿ ಇದ್ದರೆ ಪವರ್ ಜಾಸ್ತಿ' ಅನ್ನುವ ಅರ್ಧ ಪಾಠ ಕಲಿತ ಹಾಗೆ. ಇನ್ನೊಂದು ಚೈನ್‌ಸಾ ಕಂಪನಿ ಹಸ್ಕ್‌ವಾರ್ನಾದ ಈ ಜೋಡಿ ನೋಡಿ. ಹಳೆಯ 346 ಎಕ್ಸ್‌ಪಿ 45 ಸಿಸಿ, 2.5 ಕಿಲೋವ್ಯಾಟ್. ಅದೇ ಕುಟುಂಬದ 353 ಬರೋಬ್ಬರಿ 51.7 ಸಿಸಿ, ಆದರೆ 2.4 ಕಿಲೋವ್ಯಾಟ್. ಸ್ಟ್ರೋಕ್ ಎರಡಕ್ಕೂ 32.5 ಮಿಲಿಮೀಟರ್. ದೊಡ್ಡ ಎಂಜಿನ್‌ಗೇ ಪವರ್ ಕಡಿಮೆ! ಭಾಗಿಸಿದರೆ ಒಂದಕ್ಕೆ 55.6, ಇನ್ನೊಂದಕ್ಕೆ 46.4 ವ್ಯಾಟ್. ದಶಮಾಂಶದ ಸಡಿಲು ಎಷ್ಟು ಬಿಟ್ಟರೂ ಈ ಅಂತರ ಮುಚ್ಚುವುದಿಲ್ಲ. ಈ ಭಾಗಾಕಾರ ನನಗೆ ಇಷ್ಟವಾಗುವುದು ಇದಕ್ಕೇ. ಉತ್ತರ ಸಮ ಬಂದರೆ ಕಾರಣ ಗಾತ್ರ. ಸಮ ಬರದಿದ್ದರೆ ಎಂಜಿನ್ ಉಸಿರಾಡುವ ರೀತಿಯಲ್ಲಿ ಕಾರಣ ಹುಡುಕಬೇಕು.

ಉಸಿರಾಟ ಯಾಕೆ ಅಷ್ಟು ಮುಖ್ಯ? ಟೂ-ಸ್ಟ್ರೋಕ್ ಎಂಜಿನ್ ಪ್ರತಿ ಸುತ್ತಿಗೂ ಒಮ್ಮೆ ಉರಿಯುತ್ತದೆ. 9,000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 9,000 ಸುತ್ತಿನಲ್ಲಿ, ಅದು ಸೆಕೆಂಡಿಗೆ 150 ಸಲ. ಒಂದು ಸುತ್ತಿಗೆ ಸಿಗುವ ಸಮಯ 6.7 ಮಿಲಿಸೆಕೆಂಡ್. ಹೊಗೆ ಹೋಗುವ ಎಕ್ಸಾಸ್ಟ್ ಪೋರ್ಟ್ ಸುತ್ತಿನಲ್ಲಿ 160 ಡಿಗ್ರಿಯಷ್ಟು ತೆರೆದಿರುತ್ತದೆ ಅಂದುಕೊಳ್ಳಿ. ಹಾಗಾದರೆ ಸುಮಾರು 3 ಮಿಲಿಸೆಕೆಂಡ್. ಅಷ್ಟರೊಳಗೆ ಹಳೆ ಹೊಗೆ ಹೊರಗೆ ಹೋಗಬೇಕು. ಹೊಸ ಗಾಳಿ-ಪೆಟ್ರೋಲ್ ಒಳಗೆ ಬರಬೇಕು. ದಾರಿಯಲ್ಲಿ ಎಲ್ಲಿ ಇಕ್ಕಟ್ಟಾದರೂ ಸಿಲಿಂಡರ್ ಪೂರ್ತಿ ತುಂಬುವುದಿಲ್ಲ.

ಇಕ್ಕಟ್ಟಾಗುವ ಜಾಗ ಹಲವು. ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬುರೇಟರ್‌ನ ಗಂಟಲು ಕಿರಿದಾಗಿದ್ದರೆ ಗಾಳಿ ಕಡಿಮೆ. ಸೈಲೆನ್ಸರ್ ಬಾಯಿ ಚಿಕ್ಕದಾಗಿದ್ದರೆ ಅಥವಾ ಒಳಗೆ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದರೆ ಹೊಗೆ ತಡವಾಗಿ ಹೋಗುತ್ತದೆ. ಸಿಲಿಂಡರ್ ಗೋಡೆಯ ಪೋರ್ಟ್‌ಗಳ ಎತ್ತರವಂತೂ ಎಂಜಿನ್ನಿನ ಸ್ವಭಾವವನ್ನೇ ಬದಲಿಸುತ್ತದೆ. ಎಕ್ಸಾಸ್ಟ್ ಪೋರ್ಟ್ ಎತ್ತರದಲ್ಲಿದ್ದರೆ ಬೇಗ ತೆರೆದು ತಡವಾಗಿ ಮುಚ್ಚುತ್ತದೆ. ಆಗ ಎಂಜಿನ್ ಮೇಲಿನ ಆರ್‌ಪಿಎಂನಲ್ಲಿ ಚೆನ್ನಾಗಿ ಓಡುತ್ತದೆ, ಕೆಳಗೆ ಸ್ವಲ್ಪ ಬಲ ಕಳೆದುಕೊಳ್ಳುತ್ತದೆ. ಹಸ್ಕ್‌ವಾರ್ನಾ 435 ಮತ್ತು 440 ಎರಡೂ 40.9 ಸಿಸಿ. ಒಂದಕ್ಕೆ 1.6, ಇನ್ನೊಂದಕ್ಕೆ 1.8 ಕಿಲೋವ್ಯಾಟ್. ಗಾತ್ರ ಒಂದೇ ಆದ್ದರಿಂದ ವ್ಯತ್ಯಾಸವನ್ನು ಇಂಥ ಕಡೆಗಳಲ್ಲೇ ಹುಡುಕಬೇಕು. ಸ್ಟಿಲ್‌ನಲ್ಲೂ ಇಂಥ ಜೋಡಿ ಇದೆ. ಎಂಎಸ್ 310ಕ್ಕೂ ಎಂಎಸ್ 361ಕ್ಕೂ ಬೋರ್ 47, ಸ್ಟ್ರೋಕ್ 34. ಆದರೆ ಮೊದಲನೆಯದು ರೈತರಿಗೆ ಮಾಡಿದ್ದು, 3.2 ಕಿಲೋವ್ಯಾಟ್. ಎರಡನೆಯದು ದಿನವಿಡೀ ಮರ ಕಡಿಯುವವರಿಗೆ, 3.4 ಕಿಲೋವ್ಯಾಟ್.

ಇನ್ನೊಂದು ವಿಷಯ. ಪೆಟ್ಟಿಗೆಯ ಮೇಲಿನ ಪವರ್ ಅಂದರೆ ಒಂದೇ ಒಂದು ಆರ್‌ಪಿಎಂನಲ್ಲಿ ಸಿಗುವ ಗರಿಷ್ಠ ಪವರ್. ಕಿಲೋವ್ಯಾಟನ್ನು 9549ರಿಂದ ಗುಣಿಸಿ ಆರ್‌ಪಿಎಂನಿಂದ ಭಾಗಿಸಿದರೆ ಟಾರ್ಕ್, ಅಂದರೆ ತಿರುಗಿಸುವ ಬಲ, ಬರುತ್ತದೆ. 2.5 ಕಿಲೋವ್ಯಾಟ್ 10,000ದಲ್ಲಿ ಬಂದರೆ ಟಾರ್ಕ್ 2.39 ನ್ಯೂಟನ್ ಮೀಟರ್. ಅದೇ 2.5 ಕಿಲೋವ್ಯಾಟ್ 9,000ದಲ್ಲಿ ಬಂದರೆ 2.65. ದಪ್ಪ ದಿಮ್ಮಿಯಲ್ಲಿ ಬಾರ್ (ಚೈನ್ ಓಡುವ ಪಟ್ಟಿ) ಪೂರ್ತಿ ಮುಳುಗಿಸಿ ಒತ್ತಿದಾಗ ಎರಡನೆಯದು ಅಷ್ಟು ಬೇಗ ಸೋಲುವುದಿಲ್ಲ. ಸಣ್ಣ ಕೊಂಬೆ ಸವರುವವರಿಗೆ ಮೊದಲನೆಯದೇ ಚುರುಕು. ಆದ್ದರಿಂದ ಕಿಲೋವ್ಯಾಟ್ ನೋಡುವಾಗ ಅದು ಯಾವ ಆರ್‌ಪಿಎಂನಲ್ಲಿ ಅನ್ನುವುದನ್ನೂ ನೋಡಲೇಬೇಕು. ಸುಮ್ನೆ ಸಿಸಿ ನೋಡಿ ಮಷೀನ್ ತರುವುದು ನನಗೆ ಸರಿ ಕಾಣುವುದಿಲ್ಲ.

ಹಾರ್ಸ್‌ಪವರ್‌ನಲ್ಲಿ ಹೋಲಿಸಬೇಡಿ. ಜರ್ಮನಿಯ ಪಿಎಸ್ 0.7355 ಕಿಲೋವ್ಯಾಟ್, ಬ್ರಿಟಿಷ್ ಹಾರ್ಸ್‌ಪವರ್ 0.7457. ಹಾಗಾಗಿ ಎಂಎಸ್ 290ರ 3.0 ಕಿಲೋವ್ಯಾಟೇ ಒಂದು ಕಡೆ 4.1, ಇನ್ನೊಂದು ಕಡೆ 4.0 ಆಗುತ್ತದೆ. ಮಷೀನ್ ಬದಲಾಗಿಲ್ಲ. ಚೈನ್‌ಸಾ ಎಂಜಿನ್ ಪರೀಕ್ಷೆಗೆ ಐಎಸ್‌ಒ 7293 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. ಆ ಹೆಸರು ಮ್ಯಾನುಯಲ್‌ನಲ್ಲಿ ಇದ್ದರೆ ಎರಡು ಬ್ರ್ಯಾಂಡ್‌ಗಳನ್ನು ಧೈರ್ಯವಾಗಿ ಹೋಲಿಸಬಹುದು.

ಅಳತೆಯ ಪವರ್ ಬೆಟ್ಟದ ಮೇಲೆ ಸಿಗುವುದಿಲ್ಲ ಅನ್ನುವುದನ್ನು ಕಾಫಿ ಸೀಮೆಯವರು ಗಮನಿಸಬೇಕು. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಸುಮಾರು ಶೇ. 10ರಷ್ಟು ತೆಳು. ಪವರ್ ಕೂಡ ಹೆಚ್ಚುಕಮ್ಮಿ ಅಷ್ಟೇ ಇಳಿಯುತ್ತದೆ. ತೋಟದಲ್ಲಿ ಸಿಲ್ವರ್ ಓಕ್ ಕಡಿಯುವ ಎಲ್ಲ ಮಷೀನ್‌ಗಳಿಗೂ ಇದು ಒಂದೇ ಥರ, ಆದ್ದರಿಂದ ಯಾವುದು ದೊಡ್ಡದು ಅನ್ನುವ ಸಾಲು ಬದಲಾಗುವುದಿಲ್ಲ. ಕಾರ್ಬುರೇಟರ್ ಸ್ಕ್ರೂ ಮಾತ್ರ ಬದಲಾಗಬೇಕು. ಕೆಳಗೆ ಟ್ಯೂನ್ ಮಾಡಿದ ಮಷೀನ್ ಮೇಲೆ ತಂದರೆ ಪೆಟ್ರೋಲ್ ಜಾಸ್ತಿಯಾಗಿ ಹೊಗೆ ಬಿಡುತ್ತದೆ, ಅಷ್ಟೇ. ಮೇಲೆ ಟ್ಯೂನ್ ಮಾಡಿದ್ದನ್ನು ಹಾಗೇ ಕರಾವಳಿಗೆ ಇಳಿಸುವುದು ಅಪಾಯ. ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗದೆ ಎಂಜಿನ್ ಬಿಸಿಯಾಗುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಆಯಿಲ್ ಬರುವುದೂ ಪೆಟ್ರೋಲ್ ಜೊತೆಗೇ, ಹಾಗಾಗಿ ಪಿಸ್ಟನ್ ಹಿಡಿದುಕೊಳ್ಳಬಹುದು. ಸ್ಟಿಲ್‌ನ ಎಂ-ಟ್ರಾನಿಕ್, ಹಸ್ಕ್‌ವಾರ್ನಾದ ಆಟೋಟ್ಯೂನ್ ಇರುವ ಮಾಡೆಲ್‌ಗಳು ಈ ಹೊಂದಾಣಿಕೆಯನ್ನು ತಾವೇ ಮಾಡಿಕೊಳ್ಳುತ್ತವೆ. ಉಳಿದವಕ್ಕೆ ಊರು ಬದಲಾದಾಗ ನಾವೇ ಸ್ಕ್ರೂ ತಿರುಗಿಸಬೇಕು.