ಕಲಬುರಗಿ ಬಿಸಿಲಿಗೆ ಬಣ್ಣ ಹತ್ತುವ ಲೆಕ್ಕ

ಬಟ್ಟೆಗೆ ಗಂಟು ಕಟ್ಟಿ ಬಣ್ಣ ಹಾಕುವ ‘ಟೈ ಅಂಡ್ ಡೈ’, ಬೇಸಿಗೆ ರಜೆಯಲ್ಲಿ ಓಣಿಯ ಮಕ್ಕಳನ್ನೆಲ್ಲ ಮಾಳಿಗೆಯ ಮೇಲೆ ಸೇರಿಸಿ ಆಡಿಸಲು ಹೇಳಿ ಮಾಡಿಸಿದಂಥ ಆಟ. ಅದರ ವಿಧಾನ ತಿಳಿಸುವವರು ಸಾಮಾನ್ಯವಾಗಿ ‘ಬಣ್ಣ ಹಾಕಿದ ಮೇಲೆ 24 ಗಂಟೆ ಬಿಡಿ’ ಎನ್ನುತ್ತಾರೆ. ಅದು ತಂಪು ನಾಡಿನ ಲೆಕ್ಕ. ಅಲ್ಲಿಯ ಕೋಣೆಯ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ 40 ದಾಟುವುದು ದಿನದ ಮಾತು. ಉಷ್ಣತೆ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬ ಸ್ಥೂಲ ನಿಯಮವಿದೆ. 20 ಡಿಗ್ರಿ ಏರಿದರೆ ನಾಲ್ಕು ಪಟ್ಟು. ಅಂದರೆ ನಮ್ಮಲ್ಲಿ ಬೆಳಿಗ್ಗೆ ಕಟ್ಟಿದ ಗಂಟನ್ನು ಸಂಜೆಗೇ ಬಿಚ್ಚಬಹುದು. ಆದರೆ ಬಿಸಿಲು ಮಾಡಿಕೊಟ್ಟ ಅನುಕೂಲವನ್ನು ನಮ್ಮ ಬೋರ್‌ವೆಲ್ ನೀರು ಕೆಡಿಸಬಲ್ಲದು. ಹಾಗಾಗಿ ಈ ಆಟದ ವಿಧಾನವನ್ನು ನಮ್ಮ ಹವೆಗೂ ನೀರಿಗೂ ಹೊಂದಿಸಿ ಬರೆದುಕೊಳ್ಳಬೇಕು. ಅದಕ್ಕೆ ಗಂಟಿನೊಳಗೆ ಏನು ನಡೆಯುತ್ತದೆಂಬುದು ಗೊತ್ತಿರಬೇಕು.

ಬಟ್ಟೆ ಹತ್ತಿಯದೇ ಇರಲಿ. ಯಾದಗಿರಿ, ಜೇವರ್ಗಿ ಕಡೆಯ ಎರೆಭೂಮಿಯಲ್ಲಿ ಬೆಳೆಯುವ ಹತ್ತಿಯ ಎಳೆ ಬಹುಪಾಲು ಸೆಲ್ಯುಲೋಸ್. ಸಾವಿರಾರು ಗ್ಲೂಕೋಸ್ ಘಟಕಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡ ಉದ್ದನೆಯ ಸರಪಳಿ ಅದು. ಪ್ರತಿ ಘಟಕದಲ್ಲೂ ಮೂರು ಹೈಡ್ರಾಕ್ಸಿಲ್ ಗುಂಪುಗಳು, ಅಂದರೆ ಆಮ್ಲಜನಕ ಮತ್ತು ಹೈಡ್ರೋಜನ್‌ನ ಜೋಡಿಗಳು, ಹೊರಚಾಚಿಕೊಂಡಿರುತ್ತವೆ. ಬಣ್ಣ ಹತ್ತುವುದು ಇಲ್ಲಿಯೇ. ಆದರೆ ಸಾದಾ ನೀರಿನಲ್ಲಿ ಈ ಗುಂಪುಗಳು ಅಷ್ಟು ಚುರುಕಲ್ಲ. ಬಟ್ಟೆಯನ್ನು ಸೋಡಾ ನೀರಿನಲ್ಲಿ (ಕುಡಿಯುವ ಸೋಡಾ ಅಲ್ಲ, ಬಟ್ಟೆ ಸೋಡಾ ಅಂದರೆ ಸೋಡಿಯಂ ಕಾರ್ಬೋನೇಟ್ ಕರಗಿಸಿದ ನೀರು) ನೆನೆಸಿದಾಗ ಅವುಗಳಲ್ಲಿ ಕೆಲವು ತಮ್ಮ ಹೈಡ್ರೋಜನ್ ಬಿಟ್ಟುಕೊಟ್ಟು ಋಣ ವಿದ್ಯುದಂಶ ಪಡೆಯುತ್ತವೆ, ಬಣ್ಣದ ಅಣುವಿನ ಮೇಲೆ ಎರಗಲು ಸಿದ್ಧವಾಗುತ್ತವೆ. ಹಳ್ಳಿಗಳಲ್ಲಿ ಮಡಿವಾಳರು ಸವಳು ಮಣ್ಣು ಹಾಕಿ ಬಟ್ಟೆ ಕುದಿಸುತ್ತಿದ್ದುದು ಕೊಳೆ ತೆಗೆಯಲು. ಆ ಮಣ್ಣಿನ ಕ್ಷಾರದಲ್ಲೂ ಇದೇ ಸೋಡಾ ಇರುತ್ತದೆ.

ಬಣ್ಣದ ಕಡೆಯಿಂದಲೂ ತಯಾರಿ ಬೇಕು. 1856ರಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ಹುಡುಗ ಲಂಡನ್ನಿನಲ್ಲಿ ಮೊದಲ ಕೃತಕ ಬಟ್ಟೆ ಬಣ್ಣ ತಯಾರಿಸಿದ. ಆಮೇಲೆ ಬಂದ ಬಣ್ಣಗಳು ನೂರಾರು. ಆದರೂ ಹತ್ತಿಗೆ ಗಟ್ಟಿಯಾಗಿ ಹತ್ತುವ ಢಾಳಾದ ಬಣ್ಣ, ಅದೂ ಕುದಿಸದೆ ಹತ್ತುವಂಥದ್ದು, ಸಿಗಲು ಇನ್ನೊಂದು ಶತಮಾನ ಹಿಡಿಯಿತು. 1956ರಲ್ಲಿ ಬ್ರಿಟನ್ನಿನ ಐಸಿಐ ಕಂಪನಿ ಪ್ರೋಸಿಯಾನ್ ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಅದರ ಹಿಂದಿದ್ದವರು ಕಂಪನಿಯ ರಸಾಯನ ವಿಜ್ಞಾನಿಗಳಾದ ಇಯಾನ್ ರ‍್ಯಾಟಿ ಮತ್ತು ವಿಲಿಯಂ ಸ್ಟೀಫನ್. ಈ ಬಣ್ಣದ ಅಣುವಿಗೆ ಕ್ಲೋರಿನ್ ಹೊತ್ತ ಒಂದು ಉಂಗುರದ ಆಕಾರದ ಭಾಗವಿದೆ. ಕ್ಷಾರದಲ್ಲಿ ಚುರುಕಾದ ಸೆಲ್ಯುಲೋಸ್ ಅಲ್ಲಿಗೆ ಬಂದಾಗ ಕ್ಲೋರಿನ್ ಜಾಗ ಬಿಡುತ್ತದೆ, ಆ ಜಾಗದಲ್ಲಿ ಸಹವೇಲೆನ್ಸೀಯ ಬಂಧ, ಅಂದರೆ ಪರಮಾಣುಗಳು ಇಲೆಕ್ಟ್ರಾನ್ ಹಂಚಿಕೊಂಡ ಗಟ್ಟಿ ಬಂಧ, ಬೀಳುತ್ತದೆ. ಅಲ್ಲಿಂದ ಮುಂದೆ ಬಣ್ಣ ಬೇರೆ, ಬಟ್ಟೆ ಬೇರೆ ಎಂದು ಹೇಳುವಂತಿಲ್ಲ. ಎರಡೂ ಸೇರಿ ಒಂದೇ ಅಣು. ಇಂಥವನ್ನು ರಿಯಾಕ್ಟಿವ್ ಬಣ್ಣಗಳು ಎನ್ನುತ್ತಾರೆ. ಮಕ್ಕಳ ಆಟಕ್ಕೆ ಕೇಳಿ ತರಬೇಕಾದದ್ದು ಇದನ್ನೇ, ‘ಕೋಲ್ಡ್ ರಿಯಾಕ್ಟಿವ್’ ಎಂದು. ಉಪ್ಪು ಹಾಕಿ ಕುದಿಸಿ ಬಳಸುವ ಅಗ್ಗದ ಪುಡಿಗಳು ಎಳೆಗೆ ದುರ್ಬಲ ಆಕರ್ಷಣೆಯಿಂದ ಹಿಡಿದುಕೊಂಡಿರುತ್ತವೆ ಅಷ್ಟೇ. ಒಗೆದಾಗಲೆಲ್ಲ ಬಿಡುತ್ತಲೇ ಹೋಗುತ್ತವೆ. ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ಸಲಹೆಯನ್ನಂತೂ ಇಲ್ಲಿ ಕೇಳಬೇಡಿ. ಅದು ಆಮ್ಲ. ಉಣ್ಣೆ, ರೇಷ್ಮೆಗೆ ಬಳಸುವ ಬೇರೆ ಜಾತಿಯ ಬಣ್ಣಗಳಿಗೆ ಆಮ್ಲ ಬೇಕು ನಿಜ, ಹತ್ತಿಯ ಮೇಲೆ ಅದು ಸೋಡಾ ಮಾಡಿದ ಕೆಲಸವನ್ನೆಲ್ಲ ಅಳಿಸಿಹಾಕುತ್ತದೆ.

ಬಟ್ಟೆ ಒಗೆದು ಹಿಡಿದಾಗ ಮಕ್ಕಳ ಕಣ್ಣಿಗೆ ತಪ್ಪದೆ ಬೀಳುವುದೊಂದಿದೆ: ಬನಿಯನ್ ಪೂರ್ತಿ ನೀಲಿ, ಹೊಲಿಗೆಯ ಗೆರೆ ಮಾತ್ರ ಬೆಳ್ಳಗೆ. “ಕಾಕು, ಈ ದಾರಕ್ಕ ಯಾಕ ಬಣ್ಣ ಹತ್ತಿಲ್ಲ?” ಈ ಪ್ರಶ್ನೆ ಬರಲಿ ಎಂದೇ ನಾನು ಮೊದಲು ಏನೂ ಹೇಳುವುದಿಲ್ಲ. ಆ ದಾರ ಪಾಲಿಯೆಸ್ಟರ್. ಅದರ ಸರಪಳಿಯಲ್ಲಿ ಬಣ್ಣ ಹಿಡಿಯಬಲ್ಲ ಹೈಡ್ರಾಕ್ಸಿಲ್ ಗುಂಪುಗಳು ಇಲ್ಲವೆನ್ನುವಷ್ಟು ಕಡಿಮೆ. ಬೀದರಿನ ಬಿದ್ರಿ ಕೆಲಸ ನೋಡಿದ ಮಕ್ಕಳಿಗೆ ಇದು ಬೇಗ ತಿಳಿಯುತ್ತದೆ: ಕೋಟೆಯ ಮಣ್ಣು, ನವಸಾಗರ ಕಲಸಿದ ಮಿಶ್ರಣವನ್ನು ಇಡೀ ಪಾತ್ರೆಗೆ ಬಳಿದರೂ ಸತುವಿನ ಮಿಶ್ರಲೋಹ ಕಪ್ಪಾಗುತ್ತದೆ, ಕೂಡಿಸಿದ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಶಾಲೆಯ ಬಿಳಿ ಟೀ ಶರ್ಟುಗಳಲ್ಲಿ ಎಷ್ಟೋ ಪಾಲಿಯೆಸ್ಟರ್ ಬೆರಕೆಯವು. ಅವುಗಳಲ್ಲಿ ಬಣ್ಣ ತೆಳುವಾಗಿ, ಮಬ್ಬಾಗಿ ಬರುತ್ತದೆ. ಸಂಶಯವಿದ್ದರೆ ಅಂಚಿನ ಒಂದು ಎಳೆ ಕಿತ್ತು ದೊಡ್ಡವರೇ ಸುಟ್ಟು ನೋಡಲಿ. ಹತ್ತಿ ಕಾಗದ ಸುಟ್ಟ ವಾಸನೆ ಬಿಟ್ಟು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹೊಸ ಬಟ್ಟೆಯಾದರೆ ಗಂಜಿ ಹೋಗುವಂತೆ ಬಿಸಿ ನೀರಿನಲ್ಲಿ ಸಾಬೂನು ಹಾಕಿ ಒಗೆಯಿರಿ.

ಇನ್ನು ನೀರು. ಶಹಾಬಾದ್ ಕಲ್ಲು ನಮ್ಮೆಲ್ಲರ ಮನೆಯ ನೆಲ, ಅದು ಸುಣ್ಣದಕಲ್ಲು. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದೇ ಕಲ್ಲಿನ ಬಲದಿಂದ. ಇಂಥ ನೆಲದೊಳಗಿಂದ ಬರುವ ನೀರು ಕ್ಯಾಲ್ಸಿಯಂ ಕರಗಿಸಿಕೊಂಡೇ ಬರುತ್ತದೆ. ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುವುದು, ಬೇಳೆ ಬೇಗ ಬೇಯದಿರುವುದು, ಸಾಬೂನು ನೊರೆ ಬಿಡದಿರುವುದು ಎಲ್ಲ ಗಡಸು ನೀರಿನ ಗುಣಗಳೇ. ಸೋಡಾದ ಕಾರ್ಬೋನೇಟ್ ಈ ಕ್ಯಾಲ್ಸಿಯಂ ಜೊತೆ ಸೇರಿದರೆ ಕರಗದ ಬಿಳಿ ಪುಡಿ ಹುಟ್ಟುತ್ತದೆ, ಅಂದರೆ ಶಹಾಬಾದ್ ಕಲ್ಲಿನದೇ ಮುಖ್ಯ ವಸ್ತು ಬಕೆಟ್ಟಿನಲ್ಲಿ ಮರುಹುಟ್ಟು ಪಡೆಯುತ್ತದೆ. ಅದು ಎಳೆಗಳ ನಡುವೆ ಕೂತು ಬಣ್ಣವನ್ನು ಮಬ್ಬು ಮಾಡುತ್ತದೆ. ಬಣ್ಣದ ಅಣುಗಳೂ ಕ್ಯಾಲ್ಸಿಯಂಗೆ ಸಿಕ್ಕಿ ಸರಿಯಾಗಿ ಕರಗದೆ ಚುಕ್ಕೆ ಚುಕ್ಕೆಯಾಗುತ್ತವೆ.

ಉಪಾಯ ಸುಲಭ. ಸೋಡಾ ನೀರನ್ನು ಹಿಂದಿನ ರಾತ್ರಿಯೇ ಕಲಸಿಡಿ, ಲೀಟರಿಗೆ ಸುಮಾರು 50 ಗ್ರಾಂ ನೀರಿಲ್ಲದ ಪುಡಿ ಸೋಡಾ, ಅಂದರೆ ಸೋಡಾ ಆ್ಯಶ್. ಬೆಳಿಗ್ಗೆ ಬಿಳಿ ಪುಡಿ ತಳ ಸೇರಿರುತ್ತದೆ. ಬಟ್ಟೆ ನೆನೆಸಲು ಮೇಲಿನ ತಿಳಿಯನ್ನಷ್ಟೇ ಬಳಸಿ. ಬಣ್ಣ ಕಲಸಲು ಮಾತ್ರ ಆರ್‌ಒ ನೀರು ಇರಲಿ, ಅದು ಬೇಕಾಗುವುದು ಸ್ವಲ್ಪವೇ: ಕಾಲು ಲೀಟರಿಗೆ ಎರಡು ಟೀ ಚಮಚ ಪುಡಿ. ಕಿರಾಣಿ ಅಂಗಡಿಯ ಹರಳು ಹರಳಾದ ಬಟ್ಟೆ ಸೋಡಾ ತಂದರೆ ತೂಕ ಬದಲಾಗುತ್ತದೆ. ಆ ಹರಳಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುವುದರಿಂದ ಎರಡೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಹಾಕಬೇಕು. ಅಡುಗೆ ಸೋಡಾ ಬೇರೆಯದು, ಅದರ ಕ್ಷಾರ ಈ ಕೆಲಸಕ್ಕೆ ಸಾಲದು.

ಪುಡಿ ಕಲಸುವುದನ್ನು ಮಕ್ಕಳಿಗೆ ಬಿಡಲೇಬೇಡಿ. ಬಣ್ಣದ ಹಾರುಪುಡಿ ಉಸಿರಿನೊಳಗೆ ಹೋದರೆ ಕೆಲವರಿಗೆ ಅಲರ್ಜಿ, ದಮ್ಮು ಶುರುವಾಗಬಹುದು. ದೊಡ್ಡವರು ಮಾಸ್ಕ್ ಹಾಕಿಕೊಂಡು, ಫ್ಯಾನ್ ನಿಲ್ಲಿಸಿ, ಮೊದಲೇ ಕಲಸಿ ಮೂತಿ ಸಣ್ಣಗಿರುವ ಬಾಟಲಿಗಳಲ್ಲಿ ತುಂಬಿಡಬೇಕು. ಮಕ್ಕಳಿಗೆ ಕೈಗವಸು ಬೇಕು. ಸೋಡಾ ನೀರು ಕಣ್ಣಿಗೆ ಬೀಳಬಾರದು. ಅಡುಗೆಮನೆಯ ಪಾತ್ರೆ ಬೇಡ.

ಗಂಟು ಕಟ್ಟುವುದು ಮಕ್ಕಳಿಗೆ ಅತ್ಯಂತ ಖುಷಿಯ ಭಾಗ, ನನಗೂ. ಅಜಂತಾದ ಚಿತ್ರಗಳಲ್ಲಿಯ ಚುಕ್ಕೆ ಬಟ್ಟೆಗಳಿಂದ ಕಚ್ಛದ ಬಂಧನಿಯವರೆಗೆ, ಮಧುರೈನ ಸುಂಗುಡಿಯವರೆಗೆ ಉಪಾಯ ಒಂದೇ. ದ್ರವ ಎಳೆಗಳ ನಡುವಿನ ಸಣ್ಣ ಸಂದುಗಳಲ್ಲಿ ತಾನಾಗಿಯೇ ಹರಿದು ಹೋಗುತ್ತದೆ. ಬತ್ತಿಯಲ್ಲಿ ಎಣ್ಣೆ ಏರಿಸುವ ಲೋಮನಾಳ ಕ್ರಿಯೆಯೇ ಇದು. ದಾರ ಬಿಗಿದಲ್ಲಿ ಸಂದುಗಳು ಮುಚ್ಚುತ್ತವೆ, ಬಣ್ಣ ಅಲ್ಲಿಯೇ ನಿಲ್ಲುತ್ತದೆ. ಬಟ್ಟೆಯ ನಡುವನ್ನು ಚಿವುಟಿ ಎತ್ತಿ ಅಲ್ಲಲ್ಲಿ ರಬ್ಬರ್ ಬ್ಯಾಂಡ್ ಹಾಕಿದರೆ ಬಿಚ್ಚಿದಾಗ ಒಂದರೊಳಗೊಂದು ವೃತ್ತಗಳು. ನಾಲ್ಕು ಮಡಿಕೆ ಮಾಡಿ ಮೂಲೆಗೆ ಕಟ್ಟಿದರೆ ಒಂದೇ ಗುರುತು ನಾಲ್ಕು ಕಡೆ, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ. ಎಲ್ಲಿ ಕಟ್ಟಿದರೆ ಎಲ್ಲಿ ಬಿಳುಪು ಬಂದೀತು ಎಂದು ಮೊದಲೇ ಹಾಳೆಯ ಮೇಲೆ ಬರೆಸಿ. ಸಮಮಿತಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ. ಹಳದಿಯ ಪಕ್ಕ ನೇರಳೆ ಹಾಕುವ ಮಗುವಿಗೆ ಎರಡೂ ಕೂಡಿದಲ್ಲಿ ಮಣ್ಣು ಬಣ್ಣ ಬರುತ್ತದೆಂದು ಹೇಳಿ: ಒಂದು ಬಿಟ್ಟ ಬೆಳಕನ್ನು ಇನ್ನೊಂದು ಹೀರಿಬಿಡುತ್ತದೆ. ಕಪ್ಪು ಬಣ್ಣವನ್ನು ಒಂದೆರಡು ಹನಿ ಬಿಟ್ಟು ಅಂಚು ನೋಡಿಸಿ. ಕಪ್ಪು ಹಲವು ಬಣ್ಣಗಳ ಮಿಶ್ರಣ. ಬಟ್ಟೆಯಲ್ಲಿ ಹರಿಯುವಾಗ ಒಂದೊಂದು ಒಂದೊಂದು ವೇಗದಲ್ಲಿ ಸಾಗಿ ಅಂಚಿನಲ್ಲಿ ನೀಲಿಯೋ ಕೆಂಪೋ ಬೇರೆಯಾಗಿ ಕಾಣುತ್ತದೆ.

ಬಣ್ಣ ಹಾಕಿದ ಗಂಟುಗಳನ್ನು ಬಿಸಿಲಿಗೆ ಹರಡುವಂತಿಲ್ಲ. ಕ್ರಿಯೆ ನಡೆಯುವುದು ಒದ್ದೆಯಲ್ಲಿ ಮಾತ್ರ. ನಮ್ಮ ಒಣ ಬೇಸಿಗೆಯಲ್ಲಿ ಬಟ್ಟೆ ಅರ್ಧ ತಾಸಿನಲ್ಲಿ ಒಣಗಿದರೆ ಕೆಲಸ ಅಲ್ಲಿಗೇ ನಿಂತಿತು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ನೆರಳಿನಲ್ಲಿಡಿ, ಸೆಖೆಯೇ ಸಾಕು. ಸಂಜೆ ಬಿಚ್ಚುವ ಮೊದಲು ತಣ್ಣೀರಿನಲ್ಲಿ ಅದ್ದಿ ಸೋಡಾ ಕಳೆಯಿರಿ, ಆಗ ಬಿಟ್ಟ ಬಣ್ಣ ಬಿಳಿ ಭಾಗಕ್ಕೆ ಹತ್ತುವುದಿಲ್ಲ. ಆಮೇಲೆ ಬಿಸಿ ನೀರು: ಬಂಧ ಕಟ್ಟಿಕೊಳ್ಳದೆ ಸುಮ್ಮನೆ ಕೂತ ಬಣ್ಣವನ್ನು ಶಾಖ ಬಿಡಿಸುತ್ತದೆ. ನಲ್ಲಿ ಬಿಟ್ಟು ತೊಳೆಯುವುದು ನಮ್ಮೂರಿನ ಬೇಸಿಗೆಗೆ ತಕ್ಕದ್ದಲ್ಲ. ಬಕೆಟ್ಟಿನಲ್ಲಿ ನೆನೆಸಿ, ಹಿಂಡಿ, ನೀರು ಬದಲಿಸಿ; ಕಡಿಮೆ ನೀರಿನಲ್ಲಿ ಮುಗಿಯುತ್ತದೆ. ಇದೇ ಕಾರಣಕ್ಕೆ ಪ್ರತಿ ಮಗುವಿಗೂ ಟೀ ಶರ್ಟ್ ಬದಲು ಒಂದು ಕರವಸ್ತ್ರವೋ ಬಟ್ಟೆ ಚೀಲವೋ ಕೊಡುವುದು ಒಳ್ಳೆಯದೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಸಣ್ಣ ಮಕ್ಕಳಿಗೆ ಕೃತಕ ಬಣ್ಣವೇ ಬೇಡವೆನ್ನುವ ಮನೆಯವರಿಗೆ ಅರಿಶಿನವಿದೆ. ಕುದಿಯುವ ಅರಿಶಿನದ ನೀರಿನಲ್ಲಿ ಅದ್ದಿ ತೆಗೆದ ಹತ್ತಿ ಬಟ್ಟೆ ಹೊನ್ನ ಬಣ್ಣಕ್ಕೆ ತಿರುಗುತ್ತದೆ. ಆರಿದ ಮೇಲೆ ಅದರ ಮೇಲೆ ಸಾಬೂನಿನ ತುಂಡಿನಿಂದ ಹೂವು ಬರೆಯಲಿ, ಗೆರೆಗಳು ಕೆಂಪಾಗಿ ಏಳುತ್ತವೆ. ಅರಿಶಿನದ ಕರ್ಕ್ಯುಮಿನ್ ಕ್ಷಾರದಲ್ಲಿ ಕೆಂಪಾಗುತ್ತದೆ. ಮದುವೆ ಮನೆಯಲ್ಲಿ ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಯ ಓಕುಳಿ ಮಾಡುವವರಿಗೆ ಇದು ಹೊಸತಲ್ಲ. ಆದರೆ ಈ ಬಣ್ಣಕ್ಕೆ ಬಿಸಿಲು ಆಗದು, ಕೆಲವು ದಿನ ಬಿಸಿಲಿಗೆ ಒಣಹಾಕಿದರೆ ಪೇಲವವಾಗುತ್ತದೆ.

ಮಿಕ್ಕ ರಿಯಾಕ್ಟಿವ್ ಬಣ್ಣ ಚೆಲ್ಲುವ ಮುನ್ನ ಒಂದು ಪ್ರಯೋಗ ಉಳಿದಿದೆ. ಅದಕ್ಕೆ ಸ್ವಲ್ಪ ಸೋಡಾ ನೀರು ಬೆರೆಸಿ ಎರಡು ದಿನ ಹಾಗೇ ಇಡಿ. ನೋಡಲು ಬಣ್ಣ ಮೊದಲಿನಷ್ಟೇ ಗಾಢ. ಈಗ ಸೋಡಾದಲ್ಲಿ ನೆನೆದ ಒಂದು ಪಟ್ಟಿಯನ್ನು ಅದರಲ್ಲಿ ಅದ್ದಿ, ಮೊದಲ ದಿನದಂತೆಯೇ ಚೀಲದಲ್ಲಿಟ್ಟು, ಬಿಸಿ ನೀರಿನಲ್ಲಿ ತೊಳೆಯಿರಿ. ಬಹುಪಾಲು ಬಣ್ಣ ಬಿಟ್ಟುಹೋಗುತ್ತದೆ. ಬಟ್ಟೆಯ ಬದಲು ನೀರೇ ಆ ಅಣುಗಳ ಜೊತೆ ಬಂಧ ಕಟ್ಟಿಕೊಂಡಾಗಿದೆ, ಹತ್ತಿಗೆ ಜಾಗವಿಲ್ಲ. ಬಿಸಿಲು ಈ ಕೆಡುವ ಕ್ರಿಯೆಯನ್ನೂ ಅಷ್ಟೇ ಚುರುಕು ಮಾಡುತ್ತದೆ. ಅದಕ್ಕೇ ಆಟದ ದಿನ ಬಣ್ಣವನ್ನು ಬೆಳಿಗ್ಗೆಯೇ ಕಲಸಿ ಬಾಟಲಿಗಳನ್ನು ತಂಪಿನಲ್ಲಿಡಬೇಕು, ಸೋಡಾವನ್ನು ಬಟ್ಟೆಗೆ ಮಾತ್ರ ಕೊಡಬೇಕು. ಮೊದಲ ದಿನ ತಾಜಾ ಬಣ್ಣ ಹಾಕಿ ತೊಳೆದಿಟ್ಟ ಪಟ್ಟಿಯನ್ನೂ ಮೂರನೆಯ ದಿನದ ಪಟ್ಟಿಯನ್ನೂ ಮಕ್ಕಳ ನೋಟ್‌ಬುಕ್ಕಿನಲ್ಲಿ ಅಕ್ಕಪಕ್ಕ ಅಂಟಿಸಿ, ಕೆಳಗೆ ಆ ದಿನಗಳ ಉಷ್ಣತೆ ಬರೆಸಿ. ದೀಪಾವಳಿ ರಜೆಯಲ್ಲಿ, ಹವೆ ತಂಪಾದಾಗ, ಇದೇ ಪ್ರಯೋಗವನ್ನು ಮತ್ತೊಮ್ಮೆ ಮಾಡಿಸಿದರೆ ಹೋಲಿಸಿ ನೋಡಲು ಅಂಕಿ ಸಿಗುತ್ತದೆ.